ಜೊಳ್ಳಿಗೂ ಕಾವಲು

ಭತ್ತ ತೂರುವಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಜೊಳ್ಳು ಗಾಳಿಗೆ ಹೋಗುತ್ತದೆ. ಹೋದ ಜೊಳ್ಳನ್ನು ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಬೇಕೆಂದೇ ಕಾಳಿಗೆ ಬೆರೆಸಿದಂತೆ ಸಂದೇಶಗಳ ಗುಟ್ಟು ಕಾಯುವ ಉಪಾಯವೊಂದನ್ನು 1998ರಲ್ಲಿ ಅಮೆರಿಕದ ಎಂಐಟಿಯ ರೊನಾಲ್ಡ್ ರಿವೆಸ್ಟ್ ಮುಂದಿಟ್ಟರು. ಅದಕ್ಕೆ ಅವರಿಟ್ಟ ಹೆಸರೂ ಕಣದ್ದೇ: ಜೊಳ್ಳು ಬೆರೆಸುವುದು, ತೂರುವುದು.

ಅದೇ ಜಾತಿಯ ಜಾಣತನ ಈಗ ಬಿಟ್‌ಕಾಯಿನ್ ಜಾಲದಲ್ಲಿದೆ. ಆ ಹಣದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಕೆಲಸ ಮಾತ್ರ ಮೆಚ್ಚುವಂಥದ್ದು. 2009ರಿಂದ ಅಲ್ಲಿನ ಕಂಪ್ಯೂಟರುಗಳು ಬಯಲಲ್ಲೇ ಮಾತಾಡಿಕೊಳ್ಳುತ್ತಿದ್ದವು. ಪ್ರತಿ ಸಂದೇಶದ ಮೊದಲ ನಾಲ್ಕು ಬೈಟು ಯಾವಾಗಲೂ ಒಂದೇ. ನಡುವೆ ಕೂತ ಇಂಟರ್ನೆಟ್ ಕಂಪನಿಗೆ ಗುರುತು ಹಿಡಿಯಲು ಅಷ್ಟೇ ಸಾಕು. ಯಾರಿಂದಲೂ ಬಾರದ ವಹಿವಾಟೊಂದು ನಿಮ್ಮ ಮನೆಯಿಂದ ಮೊದಲು ಹೊರಟಿತೆಂದರೆ, ಅದು ನಿಮ್ಮದೇ ಎಂದು ಊಹಿಸುವುದೂ ಸುಲಭ.

ಬಿಐಪಿ 324 ಎಂಬ ಹೊಸ ಕಟ್ಟಳೆ ಮಾತನ್ನು ಗುಪ್ತಲಿಪಿಗೆ ತಿರುಗಿಸಿ ಇದಕ್ಕೆ ತೆರೆ ಎಳೆಯಿತು. 2024ರ ಏಪ್ರಿಲ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್ ತಂತ್ರಾಂಶದ 27ನೇ ಆವೃತ್ತಿಯಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ಸಂಪರ್ಕ ಕೂಡಿಸುವ ಹ್ಯಾಂಡ್‌ಶೇಕ್‌ನಲ್ಲಿ ಎರಡೂ ಕಡೆಯವರು 64 ಬೈಟಿನ ಕೀಲಿ ಕಳಿಸುತ್ತಾರೆ. ನೋಡುವವರಿಗೆ ಅದು ಅರ್ಥವಿಲ್ಲದ ಅಂಕೆಗಳ ರಾಶಿ. ಆದರೆ ಎಲ್ಲರೂ ಸರಿಯಾಗಿ 64 ಬೈಟೇ ಕಳಿಸಿದರೆ ಆ ಲೆಕ್ಕವೇ ಚಾಡಿ ಹೇಳುತ್ತದಲ್ಲ! ಅದಕ್ಕೇ ಕೀಲಿಯ ಬೆನ್ನಿಗೆ ಮನಸ್ಸಿಗೆ ಬಂದಷ್ಟು ಕಸ, 4095 ಬೈಟಿನವರೆಗೆ. ಕಸ ಎಲ್ಲಿ ಮುಗಿಯಿತೆಂದು ತಿಳಿಸುವ 16 ಬೈಟಿನ ಗುರುತು ಅವರಿಬ್ಬರಿಗೇ ಗೊತ್ತು. ಆಮೇಲಿನ ಪ್ರತಿ ಸಂದೇಶದ ಪೊಟ್ಟಣದೊಳಗೂ ಸೂಚನೆಯ ಒಂದು ಬಿಟ್ ಇರುತ್ತದೆ. ಅದು 1 ಆಗಿದ್ದರೆ ಪೊಟ್ಟಣ ಬರೀ ಜೊಳ್ಳು, ಬಿಚ್ಚಿ ನೋಡಿ ಎಸೆಯಬೇಕು.

ಜೊಳ್ಳು ಕಳಿಸಲೇಬೇಕೆಂದಿಲ್ಲ, ಬಂದರೆ ಸುಮ್ಮನೆ ಎಸೆಯುವುದಂತೂ ಕಡ್ಡಾಯ. ನಾಳೆ ಯಾರಾದರೂ ಇನ್ನೂ ಚೆನ್ನಾಗಿ ಜೊಳ್ಳು ಬೆರೆಸುವ ದಾರಿ ಕಂಡುಕೊಂಡರೆ ಎದುರಿನವರನ್ನು ಕೇಳದೆಯೇ ಶುರುಮಾಡಬಹುದು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿಷಯ. ದಾರಿಯಲ್ಲಿ ಯಾರಾದರೂ ಜೊಳ್ಳಿನ ಒಂದೇ ಒಂದು ಬೈಟನ್ನು ತಿದ್ದಿದರೂ ಸಂಪರ್ಕ ಕಡಿದುಹೋಗುತ್ತದೆ. ಎಸೆಯುವ ವಸ್ತುವಿಗೇಕೆ ಇಷ್ಟು ಕಾವಲು? ತಿದ್ದಿದ ಮೇಲೂ ಮಾತು ಮುಂದುವರಿದರೆ, ಕದ್ದು ನೋಡುವವನಿಗೆ ಯಾವುದು ಜೊಳ್ಳು, ಯಾವುದು ಕಾಳು ಎಂದು ಅಲ್ಲೇ ತಿಳಿದುಬಿಡುತ್ತಿತ್ತು.