ನೀಲಿ ಎಣ್ಣೆ ಯಾರ ಪಾಲು?

ಇಪ್ಪತ್ತು ವರ್ಷಗಳ ಹಿಂದಿನ ಬೊಮ್ಮಸಂದ್ರವನ್ನು ನೆನಪಿಸಿಕೊಳ್ಳೋಣ. ಹೊಸೂರು ರಸ್ತೆಯ ಬದಿಯಲ್ಲಿ ಸರಕಿಗಾಗಿ ಕಾದು ನಿಂತ ಲಾರಿಗಳ ಸಾಲು. ರಸ್ತೆ ಬಿಟ್ಟು ಒಳಗೆ ಹೋದರೆ ಕಾರ್ಮಿಕರ ವಠಾರಗಳು. ಒಂದೊಂದು ಕೋಣೆಯಲ್ಲಿ ನಾಲ್ಕೈದು ಮಂದಿ, ಮೂಲೆಯಲ್ಲೊಂದು ಪಂಪ್ ಸ್ಟೌ. ದೂರದ ಊರುಗಳಿಂದ ಬಂದವರಲ್ಲಿ ಬಹಳಷ್ಟು ಮಂದಿಗೆ ಇಲ್ಲಿ ಪಡಿತರ ಚೀಟಿ ಇರಲಿಲ್ಲ. ಸೀಮೆಎಣ್ಣೆಯನ್ನು ಅವರು ಕಾಳಸಂತೆಯ ಬೆಲೆಗೇ ಕೊಳ್ಳಬೇಕಿತ್ತು.

ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಗೆ ಆಗ ನೀಲಿ ಬಣ್ಣ ಬೆರೆಸುತ್ತಿದ್ದರು. ಅದು ಬಡವರ ಒಲೆಗೆ ಮತ್ತು ದೀಪಕ್ಕೆ ಮೀಸಲು ಎಂಬುದರ ಗುರುತು ಆ ಬಣ್ಣ. ಲೀಟರಿಗೆ ಸುಮಾರು ಒಂಬತ್ತು ರೂಪಾಯಿ. ಡೀಸೆಲಿನ ಬೆಲೆ ಅದರ ಮೂರು ಪಟ್ಟಿಗೂ ಹೆಚ್ಚು. ಈ ಅಂತರವೇ ನೀಲಿ ಎಣ್ಣೆಯನ್ನು ಡೀಸೆಲ್ ಟ್ಯಾಂಕಿಗೆ ಎಳೆದು ತಂದಿತು. ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ 2005ರ ಅಧ್ಯಯನದ ಪ್ರಕಾರ, ಪಡಿತರ ಸೀಮೆಎಣ್ಣೆಯಲ್ಲಿ ಶೇ. 38ಕ್ಕೂ ಹೆಚ್ಚು ಪಾಲು ಸೇರಬೇಕಾದವರಿಗೆ ಸೇರುತ್ತಿರಲಿಲ್ಲ. ಬಣ್ಣ ತೆಗೆಯುವ ಉಪಾಯವನ್ನೂ ಕಳ್ಳರು ಕಂಡುಕೊಂಡಿದ್ದರು. 2006ರಲ್ಲಿ ಕಣ್ಣಿಗೆ ಕಾಣದ ರಾಸಾಯನಿಕ ಗುರುತೊಂದನ್ನು ಬೆರೆಸುವ ವ್ಯವಸ್ಥೆ ಬಂತು. ಅದೂ ಹೆಚ್ಚು ಕಾಲ ಬಾಳಲಿಲ್ಲ.

ಹೀಗೆ ಮಾಡಿದವರ ವಾದವನ್ನೂ ಕೇಳಬೇಕು. "ನಾವು ಯಾರ ಮನೆಗೂ ಕನ್ನ ಹಾಕಿಲ್ಲ. ಸರಕಾರದ ತೆರಿಗೆ ಉಳಿಸಿಕೊಂಡೆವು, ಅಷ್ಟೆ. ಕೋಟಿ ನುಂಗಿದವರನ್ನು ಬಿಟ್ಟು ನಮ್ಮನ್ನೇಕೆ ಕೇಳುತ್ತೀರಿ?" ಇದರಲ್ಲಿ ಸ್ವಲ್ಪ ಸತ್ಯವಿದೆ. ಸಾಲದ ಕಂತು, ಟೈರಿನ ಖರ್ಚು, ದಾರಿಯ ಮಾಮೂಲು ಎಲ್ಲ ಕಳೆದು ಚಾಲಕನ ಕೈಯಲ್ಲಿ ಉಳಿಯುವುದು ಅಲ್ಪ. ಕಲಬೆರಕೆಯ ದೊಡ್ಡ ಲಾಭವೂ ಅವನದಲ್ಲ. ಎಷ್ಟೋ ಬಾರಿ ಬಂಕಿನಲ್ಲಿ ಪೂರ್ತಿ ಬೆಲೆ ಕೊಟ್ಟು, ಕಲಬೆರಕೆಯಿಂದ ಸವೆದ ಇಂಜೆಕ್ಟರಿನ ರಿಪೇರಿಗೂ ಹಣ ತೆತ್ತವನು ಅವನೇ.

ಆದರೂ ಆ ವಾದ ನಿಲ್ಲುವುದಿಲ್ಲ. 'ಸರಕಾರದ್ದು' ಎಂದ ಕೂಡಲೇ ವಸ್ತುವಿಗೆ ಒಡೆಯನೇ ಇಲ್ಲವೆಂದು ನಾವು ಭಾವಿಸುತ್ತೇವೆ. ಆ ಎಣ್ಣೆಗೆ ಒಡೆಯನಿದ್ದ. ಡಿಪೋ, ಟ್ಯಾಂಕರ್, ಸಗಟು ವ್ಯಾಪಾರಿ, ಪಡಿತರ ಅಂಗಡಿ, ಬಂಕ್ – ಇಷ್ಟು ಕೈ ದಾಟಿ ಬರುವಾಗ ಅವನ ಮುಖ ಮರೆಯಾಯಿತು, ಅಷ್ಟೆ. ಪ್ರತಿ ಕೈಯೂ ತನ್ನದು ಸಣ್ಣ ತಪ್ಪು ಎಂದುಕೊಂಡಿತು. ಹಂಚಿಕೊಂಡ ಮಾತ್ರಕ್ಕೆ ಪಾಪ ಹಗುರವಾಗುತ್ತದೆಯೇ? ಬೊಮ್ಮಸಂದ್ರದ ಕಾರ್ಮಿಕ ತಯಾರಿಸಿದ ಸರಕನ್ನು ಹೊತ್ತ ಲಾರಿಯಲ್ಲಿ ಅವನ ಊರಿನ ಮನೆಯ ದೀಪದ ಎಣ್ಣೆಯೇ ಉರಿದಿರಬಹುದು. ಅವನಿಗೂ ಗೊತ್ತಿಲ್ಲ, ಚಾಲಕನಿಗೂ ಗೊತ್ತಿಲ್ಲ.

ಈ 'ಸಣ್ಣ ತಪ್ಪು'ಗಳ ಸರಪಳಿಯನ್ನು ತಡೆಯಲು ಹೋದವರ ಗತಿ ಏನಾಯಿತು? ನಮ್ಮ ಕೋಲಾರ ಚಿನ್ನದ ಗಣಿಯ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಮಾಡಿದ ಬಂಕಿಗೆ ಬೀಗ ಹಾಕಿಸಿದ ಅವರನ್ನು 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡ್ ಬಳಿ ಎಣ್ಣೆ ಕಳ್ಳರನ್ನು ಹಿಡಿಯಲು ಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಜೀವಂತ ಸುಟ್ಟರು. ಅಗ್ಗದ ಎಣ್ಣೆಯ ಲೆಕ್ಕದಲ್ಲಿ ಈ ಬೆಲೆಯೂ ಸೇರಬೇಡವೇ?

ಈಗ ಸೀಮೆಎಣ್ಣೆಯ ಸಬ್ಸಿಡಿ ಹೋಗಿದೆ, ಒಲೆಗೆ ಗ್ಯಾಸ್ ಬಂದಿದೆ. ಹಿಂದಿನ ಬೆಲೆಯ ಅಂತರ ಉಳಿದಿಲ್ಲ, ಆ ಕಲಬೆರಕೆಯ ಸುದ್ದಿಯೂ ಅಪರೂಪ. ಹಾಗಾದರೆ ನಾವು ಪ್ರಾಮಾಣಿಕರಾದೆವೇ? ಅಥವಾ ಮೋಸದಲ್ಲಿ ಲಾಭವಿಲ್ಲದಾಯಿತೇ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಕಡಿಮೆ ತೆರಿಗೆಯ, ಮನೆಯ ಅಡುಗೆಗೆಂದು ಕೊಡುವ 14.2 ಕಿಲೋ ಸಿಲಿಂಡರ್ ಇಂದು ಚಹಾದಂಗಡಿಯ ಒಲೆಯ ಕೆಳಗೆ ಕಾಣುತ್ತದೆ. ಅದರ ಅನಿಲವನ್ನು ಆಟೋಗಳಿಗೆ ತುಂಬಿಸುವವರೂ ಸಿಕ್ಕಿಬೀಳುತ್ತಿರುತ್ತಾರೆ. ಎರಡು ರೂಪಾಯಿ ಕಡಿಮೆಯೆಂದು ಅಲ್ಲೇ ಚಹಾ ಕುಡಿಯುವವರು ನಾವು. ಆ ಚಹಾದಂಗಡಿಯವನೂ ಬಡವನೇ ಇರಬಹುದು. ಅವನನ್ನು ಪೊಲೀಸರಿಗೆ ಹಿಡಿದುಕೊಡಿ ಎಂದು ನಾವು ಹೇಳುತ್ತಿಲ್ಲ. ಅದು ಯಾರ ಪಾಲು ಎಂಬ ಪ್ರಶ್ನೆಯನ್ನು ಕುಡಿಯುವ ಮುನ್ನ ಒಮ್ಮೆ ನಮಗೆ ನಾವೇ ಕೇಳಿಕೊಂಡರೆ ಸಾಕು.