ಮೂರೇ ಏಟು

ಫೈಟಿಂಗ್ ಗೇಮ್ ಆಡದವರಿಗೆ ಮೊದಲು ಕಾಂಬೊ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಟೆಕ್ಕನ್‌ನಲ್ಲಿ ನಾಲ್ಕು ಬಟನ್, ನಾಲ್ಕು ಕೈಕಾಲು. ಪ್ಲೇಸ್ಟೇಷನ್ನಿನಲ್ಲಿ ಚೌಕ ಎಡಗೈ, ತ್ರಿಕೋನ ಬಲಗೈ, ಗುಣಾಕಾರದ ಗುರುತು ಎಡಗಾಲು, ವೃತ್ತ ಬಲಗಾಲು. ಚೌಕ, ತ್ರಿಕೋನ ಬೆನ್ನುಬೆನ್ನಿಗೆ ಒತ್ತಿದರೆ ಎಡ, ಬಲ ಎರಡು ಗುದ್ದು. ಕಲಿಯುವವರು ಸಾಮಾನ್ಯವಾಗಿ ಶುರು ಮಾಡುವುದು ಇಲ್ಲಿಂದಲೇ. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಎಡಗೈ ಗುದ್ದು ಬಟನ್ ಒತ್ತಿದ 10ನೇ ಫ್ರೇಮಿಗೆ ತಾಗುತ್ತದೆ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ. ಏಟು ತಿಂದವನು ಕೆಲವು ಫ್ರೇಮ್ ಮರಗಟ್ಟಿ ನಿಲ್ಲುತ್ತಾನೆ. ಚೇತರಿಸಿಕೊಳ್ಳುವ ಮೊದಲೇ ಮುಂದಿನ ಏಟು ಬಿದ್ದರೆ ಮತ್ತೆ ಮರಗಟ್ಟುತ್ತಾನೆ. ಇದರ ಸರಪಳಿಯೇ ಕಾಂಬೊ. ಎದುರಾಳಿಯನ್ನು ಗಾಳಿಗೆ ಎತ್ತಿ ಹೊಡೆದರಂತೂ ಕೆಳಗೆ ಬೀಳುವವರೆಗೆ ಅವನಿಗೆ ಏನೂ ಮಾಡಲಾಗದು. ಅಷ್ಟು ಹೊತ್ತು ಅವನ ಕೈಯಲ್ಲಿರುವ ಕಂಟ್ರೋಲರ್ ಬರೀ ಪ್ಲಾಸ್ಟಿಕ್ಕು.

ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. 1991ರ ಸ್ಟ್ರೀಟ್ ಫೈಟರ್ 2 ತಯಾರಾಗುವಾಗ, ಕಾರು ಒಡೆಯುವ ಬೋನಸ್ ಹಂತವನ್ನು ಪರೀಕ್ಷಿಸುತ್ತಿದ್ದ ಕ್ಯಾಪ್‌ಕಾಮ್‌ನ ನೊರಿತಾಕಾ ಫುನಾಮಿಜು ಅವರಿಗೆ ಒಂದು ಏಟಿನ ಬಾಲಕ್ಕೆ ಇನ್ನೊಂದು ಏಟು ಅಂಟಿಸಲು ಬರುತ್ತದೆ ಅನ್ನುವುದು ಕಣ್ಣಿಗೆ ಬಿತ್ತು. ಇಷ್ಟು ಕಷ್ಟದ್ದನ್ನು ಯಾರು ಉಪಯೋಗಿಸುತ್ತಾರೆ ಅಂತ ಹಾಗೇ ಬಿಟ್ಟರು. 1993ರ ಸೂಪರ್ ಸ್ಟ್ರೀಟ್ ಫೈಟರ್ 2 ಬರುವಷ್ಟರಲ್ಲಿ ಎಷ್ಟು ಏಟಿನ ಕಾಂಬೊ ಅಂತ ಆಟವೇ ಎಣಿಸಿ ಪರದೆ ಮೇಲೆ ತೋರಿಸುತ್ತಿತ್ತು. ಬಗ್ ಹೋಗಿ ಫೀಚರ್ ಆಗುವುದು ನಮ್ಮ ವೃತ್ತಿಯಲ್ಲಿ ದಿನನಿತ್ಯದ ಮಾತು. ಆದರೆ ಒಂದು ಬಗ್ಗಿನ ಮೇಲೆ ಇಡೀ ಒಂದು ಜಾತಿಯ ಆಟವೇ ನಿಂತಿದ್ದು ಅಪರೂಪ.

ನನ್ನನ್ನು ಕಾಡುವುದು ಇದರ ನ್ಯಾಯ. ಎದುರಿಗಿರುವವರು ಮೊನ್ನೆ ಮೊನ್ನೆ ಆಟ ಹಿಡಿದವರು. ನನಗೆ ಹತ್ತು ಏಟಿನ ಕಾಂಬೊ ಬರುತ್ತದೆ. ಹೊಡೆಯಬೇಕಾ, ಬಿಡಬೇಕಾ?

ಡೇವಿಡ್ ಸರ್ಲಿನ್ ಎಂಬ ಅಮೆರಿಕನ್ ಗೇಮ್ ಡಿಸೈನರ್ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾನೆ, ‘ಪ್ಲೇಯಿಂಗ್ ಟು ವಿನ್’ ಅಂತ. ಆಟ ಒಪ್ಪುವ ಯಾವ ಏಟೂ ನೀಚವಲ್ಲ, ‘ಹಾಗೆ ಹೊಡೆಯಬಾರದು’ ಅನ್ನುವವನು ಇಲ್ಲದ ನಿಯಮ ತಾನೇ ಮಾಡಿಕೊಂಡು ಅದರೊಳಗೆ ಸಿಕ್ಕಿಬಿದ್ದಿದ್ದಾನೆ ಅನ್ನುವುದು ಅವನ ವಾದದ ತಿರುಳು. ಟೂರ್ನಮೆಂಟಿಗೆ ಇದು ಸರಿ. ಅಲ್ಲಿ ಇಬ್ಬರೂ ತಿಳಿದೇ ಬಂದಿರುತ್ತಾರೆ. ಮನೆಯ ಜಗಲಿಗೆ ಇದೇ ಮಾತನ್ನು ತಂದರೆ ನನಗೆ ಒಪ್ಪಿಗೆಯಿಲ್ಲ.

ಜಗಲಿ ಅಂದರೆ ಬೊಬ್ರುವಾಡದ ನಮ್ಮ ಮನೆ. ಮೇ ತಿಂಗಳಲ್ಲಿ ಪ್ಲೇಸ್ಟೇಷನ್ ಹೊತ್ತುಕೊಂಡು ಊರಿಗೆ ಹೋಗಿದ್ದೆ. (ಅದು ಕರಿ ಈಶಾಡಿನ ಕಾಲ. ಮಾವಿನ ರಸದ ಕೈಯಲ್ಲಿ ಕಂಟ್ರೋಲರ್ ಮುಟ್ಟಬಾರದು ಅನ್ನುವುದೇ ಮೊದಲ ಕಾನೂನು.) ಅಣ್ಣನ ಮಗಳಿಗೆ ಹನ್ನೊಂದು ವರ್ಷ. ಅಣ್ಣ ಅವಳ ಜೊತೆ ಆಡುವಾಗ ಪ್ರತಿಸಲ ಸೋಲುತ್ತಿದ್ದ, ಅದೂ ಕಣ್ಣಿಗೆ ಹೊಡೆಯುವ ಹಾಗೆ. ಎರಡನೇ ದಿನ ಅವಳು ನನ್ನ ಹತ್ತಿರ ಬಂದು, “ಅಪ್ಪನ ಸಂಗ್ತಿಗೆ ಆಡೂಕೆ ಮಜಾ ಇಲ್ಲ ಚಿಕ್ಕಪ್ಪ. ಅವ ಬೇಕಂತ್ಲೇ ಸೋಲ್ತ” ಅಂದಳು. ಗೆದ್ದವಳ ಮುಖ ಅಲ್ಲ ಅದು. ತನ್ನಿಂದ ಏನನ್ನೋ ಮುಚ್ಚಿಟ್ಟಿದ್ದಾರೆ ಅಂತ ಗೊತ್ತಾದವಳ ಮುಖ.

ಆನ್‌ಲೈನ್ ಆಟಗಳಲ್ಲಿ ಸ್ಮರ್ಫ್ ಅಂತ ಒಂದು ಕುಲ ಇದೆ. ಪಳಗಿದ ಆಟಗಾರ ಹೊಸ ಖಾತೆ ತೆರೆದು, ತಾನೂ ಹೊಸಬನೇ ಅನ್ನುವ ವೇಷದಲ್ಲಿ ಹೊಸಬರನ್ನು ಬಡಿಯುತ್ತಾನೆ. ಇದು ತಪ್ಪು ಅಂತ ಎಲ್ಲರೂ ಒಪ್ಪುತ್ತಾರೆ. ಬೇಕಂತಲೇ ಸೋಲುವ ಅಣ್ಣನ ಮನಸ್ಸು ಬೆಣ್ಣೆ, ಅನುಮಾನವಿಲ್ಲ. ಆದರೂ ಅವನು ಮಾಡುವುದು ಅದೇ ವೇಷ: ತನ್ನ ನಿಜವಾದ ಕೈ ಎಷ್ಟು ಅಂತ ಎದುರಿಗಿರುವವರಿಗೆ ತೋರಿಸುವುದಿಲ್ಲ. ಒಬ್ಬನದು ಕ್ರೌರ್ಯ, ಒಬ್ಬನದು ಪ್ರೀತಿ, ಸುಳ್ಳು ಮಾತ್ರ ಒಂದೇ ಅಚ್ಚಿನದು.

ಹಾಗಂತ ಹತ್ತೂ ಏಟು ಹೊಡೆಯುವುದರಿಂದ ಏನು ಬಂತು? ಕಾಂಬೊ ತಿಂದವರಿಗೆ ಕಲಿಯಲು ಇರುವುದೆಲ್ಲ ಮೊದಲ ಏಟಿನಲ್ಲೇ ಇದೆ. ಅದನ್ನು ಯಾಕೆ ತಡೆಯಲಿಲ್ಲ, ಆಗ ಕೈ ಎಲ್ಲಿತ್ತು? ಟೆಕ್ಕನ್‌ನಲ್ಲಿ ಹಿಂದಕ್ಕೆ ಒತ್ತಿ ಹಿಡಿದರೆ ಸಾಕು, ಗಾರ್ಡ್. ಉಳಿದ ಒಂಬತ್ತು ಏಟು ಹೊಡೆಯುವವನ ಖುಷಿಗೆ. ತಿನ್ನುವವರಿಗೆ ಅದು ಬರೀ ಕಾಯುವ ಹೊತ್ತು. ಈ ಅಸಹಾಯಕತೆ ಆಟ ಮಾಡಿದವರಿಗೂ ಚುಚ್ಚಿರಬೇಕು. 1994ರ ಕಿಲ್ಲರ್ ಇನ್‌ಸ್ಟಿಂಕ್ಟ್‌ನಲ್ಲಿ ಏಟು ತಿನ್ನುತ್ತಿರುವವನೇ ನಡುವೆ ಸರಪಳಿ ಕತ್ತರಿಸುವ ಕಾಂಬೊ ಬ್ರೇಕರ್ ಕೊಟ್ಟರು. ಎಷ್ಟೋ ಆಟಗಳಲ್ಲಿ ಕಾಂಬೊ ಉದ್ದವಾದಷ್ಟೂ ಒಂದೊಂದು ಏಟಿನ ಬಲ ಇಳಿಯುತ್ತದೆ.

ನಮ್ಮ ಕಡೆ ಯಕ್ಷಗಾನದವರು ಇದಕ್ಕೆ ಬೇರೆಯದೇ ದಾರಿ ಕಂಡುಕೊಂಡಿದ್ದರು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯೋ ಬಾಲಗೋಪಾಲನೋ ಆಗಿ ಕುಣಿಯುತ್ತಿದ್ದ. ಅವನು ಕಲಿಯುವವನು ಅನ್ನುವುದು ಭಾಗವತರಿಗೂ ಗೊತ್ತು, ಚಾಪೆ ಹಾಸಿ ಕೂತವರಿಗೂ ಗೊತ್ತು. ಅವನು ಹೆಜ್ಜೆ ತಪ್ಪಿದರೆ ಆಟ ಮುಳುಗುವುದಿಲ್ಲ. ಅವನಿಗಾಗಿ ದೊಡ್ಡ ವೇಷದವರು ತಮ್ಮ ಕುಣಿತ ತಗ್ಗಿಸಿಕೊಳ್ಳುವುದೂ ಇಲ್ಲ. ಜಪಾನಿನ ಗೋ ಆಟದಲ್ಲೂ ಕಡಿಮೆ ಬಲದವರಿಗೆ ಮೊದಲೇ ಕೆಲವು ಕಲ್ಲುಗಳನ್ನು ಹಲಗೆಯ ಮೇಲೆ ಇಡಲು ಬಿಡುತ್ತಾರೆ. ಎಷ್ಟು ಕಲ್ಲು ಅನ್ನುವುದು ಇಬ್ಬರ ಕಣ್ಣೆದುರೇ ಇರುತ್ತದೆ, ಆಮೇಲೆ ಇಬ್ಬರೂ ಜೀವಬಿಟ್ಟು ಆಡುತ್ತಾರೆ.

ನಾನು ಅವಳಿಗೆ ಹೇಳಿದ್ದು ಇಷ್ಟೇ: “ನಂಗೆ ಹತ್ತು ಏಟಿನ ಕಾಂಬೊ ಬರ್ತದೆ. ನಿನ್ನ ಸಂಗ್ತಿಗೆ ಮೂರೇ ಏಟು ಹೊಡಿತೆ, ಆಮೇಲೆ ನಿಲ್ಲಿಸ್ತೆ. ಆದ್ರೆ ಆ ಮೂರು ಸಿಕ್ಕಿದ್ರೆ ಬಿಡೂದಿಲ್ಲ.” ಅವಳು ಕೇಳಿದ್ದು ಒಂದೇ ಪ್ರಶ್ನೆ, ಹತ್ತು ಯಾವಾಗ ಅಂತ. ನಾಲ್ಕು ದಿನ ಸತತವಾಗಿ ಸೋತಳು. ಅಣ್ಣನಿಗೆ ಸಿಟ್ಟು ಬಂತು, “ಮಗುಗೆ ಒಂದಾದ್ರೂ ಬಿಟ್ಟುಕೊಡೋ ಮಾರಾಯ” ಅಂದ. ಅಷ್ಟರಲ್ಲಿ ಅವಳಿಗೆ ಹಿಂದಕ್ಕೆ ಒತ್ತಿ ಕಾಯುವುದು ಬಂದಿತ್ತು. ನನ್ನ ಗುದ್ದು ತಡೆದು, ಚೌಕ, ತ್ರಿಕೋನ ಒತ್ತಿ, ಹಿಂದೆ ಸರಿಯುವುದೂ ಬಂದಿತ್ತು. ಐದನೇ ದಿನ ಒಂದು ರೌಂಡ್ ಹೊಡೆದಳು. ಆ ರೌಂಡನ್ನು ಅವಳಿಂದ ಯಾರೂ ಕಸಿದುಕೊಳ್ಳಲಾರರು. ಮಾರನೆಯ ದಿನ ಬಂದು, “ಇವತ್ತು ಐದು ಹೊಡಿ” ಅಂದಳು.

ಆಫೀಸಿನಲ್ಲಿ ಫ್ರೆಷರ್‌ಗಳ ಕೋಡ್ ರಿವ್ಯೂ ಮಾಡುವಾಗ ಇದು ನೆನಪಾಗುತ್ತದೆ. ರಾತ್ರಿ ಕೂತು ಅವರ ಕೋಡನ್ನು ಗುಟ್ಟಾಗಿ ತಿದ್ದಿ ‘ಗುಡ್ ಜಾಬ್’ ಅನ್ನುವ ಸೀನಿಯರ್‌ಗಳಿದ್ದಾರೆ, ನಲವತ್ತು ಕಾಮೆಂಟ್ ಸುರಿದು ಉಸಿರು ಕಟ್ಟಿಸುವವರೂ ಇದ್ದಾರೆ. ‘ಈ ಸಲ ಮೂರೇ ವಿಷಯ ನೋಡಿದ್ದೇನೆ, ಇನ್ನೂ ಇವೆ’ ಅಂತ ಬರೆಯುವವರು ಕಮ್ಮಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿದಿದೆ. ಅವಳ ತಮ್ಮನಿಗೆ ನಾಲ್ಕು ವರ್ಷ. ಅಕ್ಕನ ಪಕ್ಕದಲ್ಲೇ ಕೂತು, ನಾಲಿಗೆ ಹೊರಗೆ ಹಾಕಿ, ಹಳೇ ಕಂಟ್ರೋಲರಿನ ಎಲ್ಲ ಬಟನ್ ಒತ್ತುತ್ತಾನೆ. ಅಕ್ಕ ಏಟು ಹೊಡೆದಾಗಲೆಲ್ಲ “ನಾನೇ ಹೊಡೆದೆ” ಅಂತ ಕುಣಿಯುತ್ತಾನೆ. ಅದರ ಬ್ಯಾಟರಿ ಸತ್ತು ಎರಡು ವರ್ಷ ಆಯಿತು. ಅವನಿಗೆ ಯಾವಾಗ ಹೇಳಬೇಕು ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಬೇಡ ಅಂತ ಅಣ್ಣ. ನಾನೂ ಬಾಯಿ ಬಿಟ್ಟಿಲ್ಲ. ಹೇಳಲೇಬೇಕು ಅಂತ ಹಟ ಹಿಡಿದಿರುವವಳು ಅಕ್ಕ ಒಬ್ಬಳೇ.