ಔಷಧಿಯ ತಕ್ಕಡಿ

"ಮಾತ್ರೆ ಬಿಟ್ಟು ಹದಿನೈದು ದಿನವಾಯಿತು. ನೋಡು, ಏನೂ ಆಗಿಲ್ಲ. ಎಲ್ಲವನ್ನೂ ಅಲ್ಲಾಹನಿಗೆ ಬಿಟ್ಟಿದ್ದೇನೆ."

ನನ್ನ ಮಾವ ಹೀಗೆಂದಾಗ ನಾನು ಕೂಡಲೇ ಉತ್ತರಿಸಲಿಲ್ಲ. ಹೃದಯದ ಬಡಿತ ಲಯ ತಪ್ಪಿ ಓಡತೊಡಗಿ ಒಮ್ಮೆ ಅವರು ಪ್ರಜ್ಞೆತಪ್ಪಿ ಬಿದ್ದಿದ್ದರು. ಆ ಬಳಿಕ ವೈದ್ಯರು ಅಮಿಯೋಡರೋನ್ ಮಾತ್ರೆ ಬರೆದುಕೊಟ್ಟಿದ್ದರು. ಈಗ ಅವರಿಗೆ ದಣಿವು, ಚಳಿ, ಮೈಭಾರ. ಅವರ ದೂರು ಸುಳ್ಳೇನಲ್ಲ. ಆ ಔಷಧಿ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಬಲ್ಲದು. ಶ್ವಾಸಕೋಶಕ್ಕೂ ಯಕೃತ್ತಿಗೂ ಹಾನಿ ಮಾಡಬಲ್ಲದು.

ಆದರೆ ಓದುಗರೇ, ಅಮಿಯೋಡರೋನ್ ದೇಹದಿಂದ ಬೇಗನೆ ಹೊರಹೋಗುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಅದರ ಪ್ರಭಾವ ಉಳಿಯುತ್ತದೆ. ಮಾವ ತನ್ನ ತವಕ್ಕುಲ್‌ಗೆ ಪುರಾವೆಯೆಂದು ತೋರಿಸಿದ ಆ ಹದಿನೈದು ದಿನಗಳಲ್ಲಿ ಅವರನ್ನು ಕಾಯುತ್ತಿದ್ದುದರಲ್ಲಿ ಅವರು ಬಿಟ್ಟ ಔಷಧಿಯ ಪಾಲೂ ಇದ್ದಿರಬಹುದು. ಒಂಟೆಯನ್ನು ಕಟ್ಟದೆ ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಅದನ್ನು ಕಟ್ಟಲು ಹೇಳಿದರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ.

ನಮ್ಮ ತಕ್ಕಡಿಯಲ್ಲೇ ಒಂದು ದೋಷವಿದೆ. ಮಾತ್ರೆಯ ತೊಂದರೆ ದಿನವೂ ಮೈಗೆ ತಿಳಿಯುತ್ತದೆ. ಅದರ ಪ್ರಯೋಜನವೋ, ನಡೆಯದೆ ಉಳಿದುಹೋದ ಒಂದು ಘಟನೆ. ಬೀಳದೆ ಕಳೆದ ರಾತ್ರಿಯನ್ನು ಲೆಕ್ಕವಿಡುವವರು ಯಾರು?

ವೈದ್ಯರ ತಕ್ಕಡಿಯೂ ತಪ್ಪಿದ್ದುಂಟು. ಹೃದಯಾಘಾತವಾದವರಲ್ಲಿ ಅಡ್ಡಬಡಿತಗಳನ್ನು ಅಡಗಿಸಿದರೆ ಸಾವು ತಪ್ಪುತ್ತದೆಂದು ಹಿಂದೆ ನಂಬಲಾಗಿತ್ತು. ಅದನ್ನು ಪರೀಕ್ಷಿಸಿದ ವರದಿ 1991ರಲ್ಲಿ ಪ್ರಕಟವಾಯಿತು. ಸರಾಸರಿ ಹತ್ತು ತಿಂಗಳ ಅವಧಿಯಲ್ಲಿ, ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಸೇವಿಸಿದ 755 ಮಂದಿಯಲ್ಲಿ 63 ಮಂದಿ ಮೃತರಾಗಿದ್ದರು. ಔಷಧಿಯಿಲ್ಲದ ಹುಸಿಮಾತ್ರೆ ಪಡೆದ 743 ಮಂದಿಯಲ್ಲಿ 26 ಮಂದಿ. ಬಡಿತವೇನೋ ಹತೋಟಿಗೆ ಬಂದಿತ್ತು! ಆದ್ದರಿಂದ ಪ್ರಶ್ನಿಸುವ ರೋಗಿಯನ್ನು ಅವಿಧೇಯನೆಂದು ಗದರಿಸುವುದು ನ್ಯಾಯವಲ್ಲ.

ಪವಿತ್ರ ಕುರ್‌ಆನ್ ಮದ್ಯದ ಬಗ್ಗೆ ಹೇಳುವಾಗಲೂ (ಅಲ್ ಬಕರಃ, 219) ಅದರಲ್ಲಿರುವ ಪ್ರಯೋಜನವನ್ನು ಅಲ್ಲಗಳೆಯದೆ, ಕೆಡುಕು ಅದಕ್ಕಿಂತ ದೊಡ್ಡದೆಂದು ತೂಗಿ ತೋರಿಸಿದೆ. ನಿಷಿದ್ಧ ವಸ್ತುವಿಗೇ ಇಷ್ಟು ನ್ಯಾಯವಿರುವಾಗ ಔಷಧಿಗೆ ಬೇಡವೇ?

ಮಾವ ಮಾತ್ರೆ ಬಿಟ್ಟದ್ದಕ್ಕಿಂತ, ಅದನ್ನು ವೈದ್ಯರಿಂದ ಮುಚ್ಚಿಟ್ಟದ್ದೇ ನನಗೆ ಹೆಚ್ಚು ನೋವಾದ ಸಂಗತಿ. ದೇಹವು ಅಮಾನತ್ತಾದರೆ ಅದರ ಲೆಕ್ಕವನ್ನು ತಿದ್ದಿ ಒಪ್ಪಿಸುವುದು ಹೇಗೆ? ಒಂದು ಬಡಿತವನ್ನು ಬಿಟ್ಟುಬಿಟ್ಟು ಇಸಿಜಿ ತೆಗೆಯಲಾದೀತೇ?

ಮರುದಿನವೇ ಅವರನ್ನು ಕರೆದೊಯ್ದೆ. ಎಲ್ಲವನ್ನೂ ಅವರೇ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕುಂದಿದ್ದು ಕಂಡುಬಂತು. ವೈದ್ಯರು ಅಮಿಯೋಡರೋನ್ ಪ್ರಮಾಣ ತಗ್ಗಿಸಿ ಮುಂದುವರಿಸಿದರು. ಥೈರಾಯ್ಡ್‌ಗೆ ಬೇರೊಂದು ಮಾತ್ರೆ ಕೊಟ್ಟರು. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಎಂದು ಮಾವ ಈಗಲೂ ಗೊಣಗುತ್ತಾರೆ. ಫಜ್ರ್ ನಮಾಝಿನ ಬಳಿಕ ಬಿಸ್ಮಿಲ್ಲಾ ಹೇಳಿ ಎರಡನ್ನೂ ನುಂಗುತ್ತಾರೆ.